ಗಣಕದೊಳಗಿನ ಬೆಂಕಿ: ನಂಬುವುದು ಎಷ್ಟು?

2019ರ ಫೆಬ್ರವರಿ 23. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿತ್ತು. ವಾಹನ ನಿಲುಗಡೆಯ ಬಯಲಿನಲ್ಲಿ ಒಣಹುಲ್ಲಿಗೆ ತಗುಲಿದ ಬೆಂಕಿ ಗಾಳಿಯ ನೆರವಿನಿಂದ ಕಾರಿನಿಂದ ಕಾರಿಗೆ ಹಬ್ಬಿತು. ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಅಂದು ಯಲಹಂಕ, ಹೆಬ್ಬಾಳದ ಕಡೆ ಇದ್ದವರು ಆಕಾಶಕ್ಕೇರಿದ ಕಪ್ಪು ಹೊಗೆಯನ್ನು ಮರೆತಿರಲಾರರು. ಆದರೆ ಆ ಬೆಂಕಿಯಲ್ಲಿ ಒಂದು ಜೀವವೂ ಹೋಗಲಿಲ್ಲ.

ಅದಕ್ಕೆ ಸರಿಯಾಗಿ 9 ವರ್ಷ ಹಿಂದೆ, 2010ರ ಫೆಬ್ರವರಿ 23ರಂದು, ಇದೇ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಿತು. 300 ಕಾರುಗಳ ಬೆಂಕಿಗೆ ಹೋಲಿಸಿದರೆ ಅದು ತೀರ ಸಣ್ಣದು. ವಿದ್ಯುತ್ ತಂತಿಗಳು ಸಾಗುವ ಡಕ್ಟ್‌ನಲ್ಲಿ ಹುಟ್ಟಿದ ಆ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ನುಗ್ಗಿತು. ಉಸಿರಾಡಲಾರದ ಜನ ಕಿಟಕಿಯ ಗಾಜು ಒಡೆದರು. ಕೆಲವರು ಕೆಳಗೆ ಹಾರಿದರು. 9 ಮಂದಿ ಪ್ರಾಣ ಕಳೆದುಕೊಂಡರು.

ದೊಡ್ಡ ಬೆಂಕಿ ಯಾರನ್ನೂ ಕೊಲ್ಲಲಿಲ್ಲ. ಸಣ್ಣ ಬೆಂಕಿ 9 ಜನರನ್ನು ಕೊಂದಿತು. ಏಕೆ? ಬಯಲಿನ ಹೊಗೆಗೆ ಆಕಾಶವಿತ್ತು. ಕಟ್ಟಡದ ಹೊಗೆಗೆ ಇದ್ದದ್ದು ಡಕ್ಟ್, ಪಡಸಾಲೆ ಮತ್ತು ಮೆಟ್ಟಿಲು. ಜನರಿಗೂ ಇದ್ದದ್ದು ಅದೇ ಪಡಸಾಲೆ, ಅದೇ ಮೆಟ್ಟಿಲು. ಆದ್ದರಿಂದ ಕಟ್ಟಡದ ಬೆಂಕಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಬೆಂಕಿ ಎಷ್ಟು ದೊಡ್ಡದು?’ ಎಂಬುದಲ್ಲ, ‘ಹೊಗೆ ಯಾವ ದಾರಿಯಲ್ಲಿ ಹೋಗುತ್ತದೆ, ಜನ ಯಾವ ದಾರಿಯಲ್ಲಿ ಬರುತ್ತಾರೆ, ಇಬ್ಬರಲ್ಲಿ ಯಾರು ಮೊದಲು?’ ಎಂಬುದು.

ಈ ಪ್ರಶ್ನೆಗೆ ಕಟ್ಟಡ ಕಟ್ಟುವ ಮೊದಲೇ ಉತ್ತರ ಹೇಳಬಲ್ಲೆವು ಎನ್ನುತ್ತದೆ ಒಂದು ತಂತ್ರ. ಕಟ್ಟಡವನ್ನು ಗಣಕದೊಳಗೆ ಕಟ್ಟಿ, ಅದಕ್ಕೆ ಗಣಕದಲ್ಲೇ ಬೆಂಕಿ ಹಚ್ಚಿ, ಗಣಕದ ಜನರನ್ನು ಓಡಿಸಿ ನೋಡುವುದು ಅದರ ವಿಧಾನ. ಈ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅದನ್ನೇ ಈ ಲೇಖನದಲ್ಲಿ ಪರೀಕ್ಷಿಸೋಣ.

ಗೆರೆಯಿಂದ ಮಾದರಿಗೆ

ಹಿಂದೆ ಕಟ್ಟಡದ ನಕ್ಷೆ ಎಂದರೆ ನೀಲಿ ಹಾಳೆಯ ಮೇಲಿನ ಗೆರೆಗಳು. ಮುಂದೆ ಅವೇ ಗೆರೆಗಳು ಗಣಕದ ತೆರೆಗೆ ಬಂದವು. ಆದರೂ ಗೆರೆ ಗೆರೆಯೇ. ತಾನು ಗೋಡೆಯೋ ಬಾಗಿಲೋ ಎಂಬುದು ಅದಕ್ಕೆ ತಿಳಿಯದು. ಕಟ್ಟಡ ಮಾಹಿತಿ ಮಾದರಿ, ಅಂದರೆ ಎಂಜಿನಿಯರುಗಳು ‘ಬಿಮ್’ ಎಂದು ಕರೆಯುವ ವಿಧಾನ, ಇದನ್ನು ಬದಲಾಯಿಸಿತು. ಇದರಲ್ಲಿ ಪ್ರತಿಯೊಂದು ಭಾಗಕ್ಕೂ ತನ್ನದೇ ಗುರುತುಪತ್ರವಿದೆ. ‘ನಾನು ಬಾಗಿಲು. ನನ್ನ ಅಗಲ 1 ಮೀಟರ್. ಹೊರಕ್ಕೆ ತೆರೆಯುತ್ತೇನೆ. ಇಷ್ಟು ಹೊತ್ತು ಬೆಂಕಿ ತಡೆಯಬಲ್ಲೆ’ ಎಂದು ಬಾಗಿಲು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ. ಒಂದು ತಂತ್ರಾಂಶದಲ್ಲಿ ಮಾಡಿದ ಮಾದರಿಯನ್ನು ಇನ್ನೊಂದು ಓದುವಂತೆ ಐಎಫ್‌ಸಿ ಎಂಬ ಮುಕ್ತ ಕಡತ ಕ್ರಮವೂ ಇದೆ. ಹೀಗಾಗಿ ವಾಸ್ತುಶಿಲ್ಪಿ ಕಟ್ಟಿದ ಮಾದರಿಯನ್ನು ಅಗ್ನಿಸುರಕ್ಷತೆಯ ಎಂಜಿನಿಯರು ಮತ್ತೆ ಮೊದಲಿನಿಂದ ಬರೆಯಬೇಕಾಗಿಲ್ಲ.

ಇಂಥ ಲೆಕ್ಕದ ಅಗತ್ಯ ಏನು, ನಿಯಮಗಳಿಲ್ಲವೇ ಎನ್ನುವಿರಾ? ಇವೆ. ಆದರೆ ನಿಯಮಗಳನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಕೋಣೆ, ಪಡಸಾಲೆ, ಮೆಟ್ಟಿಲು ಇರುವ ಸಾಮಾನ್ಯ ಕಟ್ಟಡ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಉದ್ಘಾಟನೆಯಾದ ಎರಡನೆಯ ಟರ್ಮಿನಲ್ಲನ್ನು ನೋಡಿರುವಿರಾದರೆ, ಅಡ್ಡಗೋಡೆಗಳಿಲ್ಲದ ಅಂಥ ವಿಶಾಲ ಅಂಗಳಕ್ಕೆ ಕೋಣೆಯ ನಿಯಮ ಹೊಂದುವುದಿಲ್ಲ ಎಂಬುದು ಹೊಳೆಯುತ್ತದೆ. ನೆಲದಡಿಯ ಮೆಟ್ರೋ ನಿಲ್ದಾಣವೂ ಹೀಗೆಯೇ. ಅಮೆರಿಕದ ಎನ್‌ಎಫ್‌ಪಿಎ 130 ಎಂಬ ಮಾನಕವು ಜನ ಪ್ಲಾಟ್‌ಫಾರಂ ಬಿಡಲು 4 ನಿಮಿಷ, ಸುರಕ್ಷಿತ ಜಾಗ ಸೇರಲು 6 ನಿಮಿಷ ಎಂದು ಗಡುವು ಹಾಕುತ್ತದೆ. ಆ ಗಡುವಿನಲ್ಲಿ ಸಾಧ್ಯವೇ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬೇಕು.

ಬೆಂಕಿಯನ್ನು ಲೆಕ್ಕಕ್ಕೆ ಇಳಿಸುವುದು

ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ತಂತ್ರಾಂಶದ ಹೆಸರು ಫೈರ್ ಡೈನಾಮಿಕ್ಸ್ ಸಿಮ್ಯುಲೇಟರ್, ಚಿಕ್ಕದಾಗಿ ಎಫ್‌ಡಿಎಸ್. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2000ದಲ್ಲಿ ಇದನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿತು. ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಸ್ಮೋಕ್‌ವ್ಯೂ ಇದರ ಜೊತೆಗಾರ. ಎರಡೂ ಉಚಿತ. ಕಾಲೇಜಿನ ಗಣಕ ಕೊಠಡಿಯಲ್ಲಿ ನೀವೂ ಇವನ್ನು ಹಾಕಿಕೊಳ್ಳಬಹುದು.

ಕೆಲಸ ಮಾಡುವ ಬಗೆ ಸರಳ. ಕಟ್ಟಡದೊಳಗಿನ ಜಾಗವನ್ನು ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ಕತ್ತರಿಸಲಾಗುತ್ತದೆ. ಪ್ರತಿ ಪೆಟ್ಟಿಗೆಗೂ ರಾಶಿ, ಚಲನೆ, ಶಕ್ತಿಗಳ ಸಂರಕ್ಷಣಾ ನಿಯಮಗಳನ್ನು ಅನ್ವಯಿಸಿ, ಮುಂದಿನ ಕ್ಷಣದಲ್ಲಿ ಅಲ್ಲಿನ ಉಷ್ಣತೆ ಎಷ್ಟು, ಹೊಗೆ ಎಷ್ಟು, ಗಾಳಿಯ ವೇಗ ಎಷ್ಟು ಎಂದು ಕಂಡುಹಿಡಿಯಲಾಗುತ್ತದೆ. ಪಿಯುಸಿಯಲ್ಲಿ ಓದಿದ ಭೌತವಿಜ್ಞಾನವೇ ಇದರ ಬುನಾದಿ.

ಪೆಟ್ಟಿಗೆ ಎಷ್ಟು ಸಣ್ಣದಿರಬೇಕು? ಅದಕ್ಕೊಂದು ಅಳತೆ ಇದೆ. ಬೆಂಕಿ ಸೆಕೆಂಡಿಗೆ ಹೊರಹಾಕುವ ಉಷ್ಣವನ್ನು ಗಾಳಿಯ ಸಾಂದ್ರತೆ, ವಿಶಿಷ್ಟೋಷ್ಣ, ನಿರಪೇಕ್ಷ ಉಷ್ಣತೆ ಮತ್ತು ಗುರುತ್ವ ವೇಗೋತ್ಕರ್ಷದ ವರ್ಗಮೂಲ, ಈ ನಾಲ್ಕರ ಗುಣಲಬ್ಧದಿಂದ ಭಾಗಿಸಿ, ಬಂದದ್ದನ್ನು ಐದನೆಯ ಎರಡರ ಘಾತಕ್ಕೆ ಏರಿಸಿದರೆ ಒಂದು ಉದ್ದ ಸಿಗುತ್ತದೆ. 1000 ಕಿಲೋವ್ಯಾಟ್ ಬೆಂಕಿಗೆ ಲೆಕ್ಕ ಹಾಕಿ ನೋಡಿ: 1.2 × 1.0 × 293 × 3.13 ಸುಮಾರು 1100. 1000ವನ್ನು 1100ರಿಂದ ಭಾಗಿಸಿದರೆ 0.91, ಅದರ ಐದನೆಯ ಎರಡರ ಘಾತ ಸುಮಾರು 0.96 ಮೀಟರ್. ಈ ಉದ್ದದೊಳಗೆ 4ರಿಂದ 16 ಪೆಟ್ಟಿಗೆಗಳು ಬರುವಂತೆ ನೋಡಿಕೊಳ್ಳುವುದು ರೂಢಿ. ಅಂದರೆ ಪೆಟ್ಟಿಗೆಯ ಬದಿ ಸುಮಾರು 10 ಸೆಂಟಿಮೀಟರ್.

30 ಮೀಟರ್ ಉದ್ದ, 20 ಮೀಟರ್ ಅಗಲ, 25 ಮೀಟರ್ ಎತ್ತರದ ಕಟ್ಟಡಕ್ಕೆ ಇಂಥ ಪೆಟ್ಟಿಗೆಗಳು ಒಂದೂವರೆ ಕೋಟಿ ಬೇಕು. ಇನ್ನೂ ಸೂಕ್ಷ್ಮವಾಗಿ ನೋಡೋಣವೆಂದು ಬದಿಯನ್ನು 5 ಸೆಂಟಿಮೀಟರಿಗೆ ಇಳಿಸಿದರೆ ಪೆಟ್ಟಿಗೆಗಳ ಸಂಖ್ಯೆ 8 ಪಟ್ಟಾಗುತ್ತದೆ. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಒಟ್ಟು ಕೆಲಸ 16 ಪಟ್ಟು. ಒಂದು ದಿನದಲ್ಲಿ ಮುಗಿಯುತ್ತಿದ್ದ ಲೆಕ್ಕಕ್ಕೆ ಅರ್ಧ ತಿಂಗಳು! ಹೀಗಾಗಿ ಎಂಜಿನಿಯರು ಎಲ್ಲೋ ಒಂದು ಕಡೆ ‘ಇಷ್ಟು ಸಾಕು’ ಎನ್ನಲೇಬೇಕು. ಆ ‘ಸಾಕು’ ಎಲ್ಲಿದೆ ಎಂಬುದನ್ನು ವರದಿ ಓದುವವರು ಕೇಳಬೇಕು.

ಎರಡು ಗಡಿಯಾರಗಳು

ಹೊಗೆಯ ಲೆಕ್ಕ ಒಂದು ಗಡಿಯಾರ. ಕಣ್ಣು ಕಾಣದಷ್ಟು, ಉಸಿರಾಡಲಾಗದಷ್ಟು ಹೊಗೆ ತುಂಬಲು ಎಷ್ಟು ಹೊತ್ತು? ಇದು ಲಭ್ಯ ಕಾಲ. ಜನರ ಲೆಕ್ಕ ಇನ್ನೊಂದು ಗಡಿಯಾರ. ಅಪಾಯ ತಿಳಿದು, ಎದ್ದು, ನಡೆದು, ಹೊರಬರಲು ಎಷ್ಟು ಹೊತ್ತು? ಇದು ಅಗತ್ಯ ಕಾಲ. ಲಭ್ಯ ಕಾಲ ಅಗತ್ಯ ಕಾಲಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಕಟ್ಟಡ ಸುರಕ್ಷಿತ. ಇಡೀ ವಿದ್ಯೆಯ ಸಾರ ಇಷ್ಟೆ.

ಇವೆರಡೂ ಬಿಡಿಬಿಡಿ ಗಡಿಯಾರಗಳಲ್ಲ ಎಂಬುದನ್ನೂ ಗಮನಿಸಿ. ಜಪಾನಿನ ತದಾಹಿಸ ಜಿನ್ 1970ರ ದಶಕದಲ್ಲಿ ಜನರನ್ನು ನಿಜವಾದ ಹೊಗೆಯಲ್ಲಿ ನಡೆಸಿ ಅಳತೆ ಮಾಡಿದರು. ಹೊಗೆ ದಟ್ಟವಾದಂತೆ ನಡಿಗೆ ನಿಧಾನವಾಗುತ್ತದೆ. ಕಟ್ಟಡದ ಪರಿಚಯ ಇರುವವರಿಗೆ 3ರಿಂದ 5 ಮೀಟರ್ ದೂರ ಕಂಡರೆ ಸಾಕಾದೀತು. ಪರಿಚಯ ಇಲ್ಲದವರಿಗೆ ಸುಮಾರು 13 ಮೀಟರ್ ಕಾಣಬೇಕು. ಮೊದಲ ಗಡಿಯಾರ ಮುಂದೋಡಿದಂತೆ ಎರಡನೆಯದು ತಡವಾಗುತ್ತದೆ.

ಗಣಕ ಗೆದ್ದ ಕಥೆ

ಈ ವಿದ್ಯೆಯನ್ನು ಟೀಕಿಸುವ ಮೊದಲು ಅದರ ದೊಡ್ಡ ಗೆಲುವನ್ನು ಹೇಳುವುದು ನ್ಯಾಯ. 1987ರ ನವೆಂಬರ್ 18ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನೆಲದಡಿ ನಿಲ್ದಾಣದಲ್ಲಿ ಮರದ ಎಸ್ಕಲೇಟರ್ ಒಂದಕ್ಕೆ ಬೆಂಕಿ ಹತ್ತಿತು. ನೋಡಿದವರಿಗೆ ಅದು ಚಿಕ್ಕ ಬೆಂಕಿಯಾಗಿಯೇ ಕಂಡಿತು. ಕೆಲವೇ ನಿಮಿಷಗಳಲ್ಲಿ ಜ್ವಾಲೆ ಇದ್ದಕ್ಕಿದ್ದಂತೆ ಮೇಲಿನ ಟಿಕೆಟ್ ಅಂಗಳಕ್ಕೆ ಚಿಮ್ಮಿ 31 ಜನರನ್ನು ಬಲಿ ತೆಗೆದುಕೊಂಡಿತು. ಹೀಗಾದದ್ದು ಏಕೆ ಎಂದು ಯಾರಿಗೂ ತಿಳಿಯಲಿಲ್ಲ.

ತನಿಖೆಗಾಗಿ ಹಾರ್ವೆಲ್ ಪ್ರಯೋಗಾಲಯದ ವಿಜ್ಞಾನಿಗಳು ಗಣಕದಲ್ಲಿ ಆ ಎಸ್ಕಲೇಟರನ್ನು ಕಟ್ಟಿ ಲೆಕ್ಕ ಹಾಕಿದರು. ಬಂದ ಉತ್ತರ ವಿಚಿತ್ರವಾಗಿತ್ತು. ಜ್ವಾಲೆ ನೆಟ್ಟಗೆ ಮೇಲೇಳುವ ಬದಲು 30 ಡಿಗ್ರಿ ಇಳಿಜಾರಿನ ಮೆಟ್ಟಿಲುಗಳಿಗೆ ಅಂಟಿಕೊಂಡು, ಮಲಗಿದಂತೆ ಮೇಲಕ್ಕೆ ಹರಿಯುತ್ತಿತ್ತು. ಬೆಂಕಿ ಮಲಗುವುದುಂಟೇ? ತಂತ್ರಾಂಶದಲ್ಲೇ ತಪ್ಪಿದೆ ಎಂಬ ಅನುಮಾನ ಬಂತು. ಕೊನೆಗೆ ಕಿರಿದಾದ ಅಳತೆಯಲ್ಲಿ ಎಸ್ಕಲೇಟರಿನ ಪ್ರತಿರೂಪ ಕಟ್ಟಿ ನಿಜವಾಗಿ ಬೆಂಕಿ ಹಚ್ಚಿದಾಗ, ಜ್ವಾಲೆ ಗಣಕ ಹೇಳಿದಂತೆಯೇ ಮಲಗಿತು. ಇಕ್ಕೆಲದ ಗೋಡೆಗಳ ನಡುವಿನ ಇಳಿಜಾರು ಬೆಂಕಿಯನ್ನು ನೀರಿನ ಕಾಲುವೆಯಂತೆ ಹರಿಸುತ್ತದೆ. ಈ ‘ಕಾಲುವೆ ಪರಿಣಾಮ’ ಅಗ್ನಿವಿಜ್ಞಾನಕ್ಕೆ ಸೇರ್ಪಡೆಯಾದದ್ದು ಹೀಗೆ.

ಈ ಕಥೆಯಲ್ಲಿ ಗಣಕದ ಗೆಲುವಿನಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಗಣಕದ ಮಾತನ್ನು ಯಾರೂ ಹಾಗೆಯೇ ಒಪ್ಪಲಿಲ್ಲ. ಪ್ರಯೋಗ ಮಾಡಿ ನೋಡಿದರು. ಇಂದು ನಮ್ಮಲ್ಲಿ ಒಂದು ಕಟ್ಟಡದ ವರದಿ ಕೈಗೆ ಬಂದಾಗ ಆ ಎರಡನೆಯ ಹೆಜ್ಜೆಯನ್ನು ಯಾರು ಇಡುತ್ತಾರೆ? ಎಫ್‌ಡಿಎಸ್ ಬಹುಕಾಲ ಕೇವಲ ಆಯತಾಕಾರದ ಪೆಟ್ಟಿಗೆಗಳನ್ನೇ ಬಳಸುತ್ತಾ ಬಂದಿದೆ. ಅದರಲ್ಲಿ ಇಳಿಜಾರು ಎಂಬುದು ಪೆಟ್ಟಿಗೆಗಳ ಮೆಟ್ಟಿಲಾಗಿ ಬಿಡುತ್ತದೆ. ಕಿಂಗ್ಸ್ ಕ್ರಾಸ್‌ನ ರಹಸ್ಯ ಅಡಗಿದ್ದದ್ದೇ ಆ ಇಳಿಜಾರಿನಲ್ಲಿ ಎಂಬುದನ್ನು ನೆನೆದರೆ, ಮೇಲ್ನೋಟಕ್ಕೆ ಚಿಕ್ಕದೆನಿಸುವ ಈ ಅಂದಾಜು ಎಷ್ಟು ದೊಡ್ಡದಾಗಬಲ್ಲದು ಎಂಬುದು ಗೊತ್ತಾಗುತ್ತದೆ.

ಗಣಕ ಎಡವಿದ ಕಥೆ

2006ರ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಡಾಲ್ಮಾರ್ನಾಕ್‌ನಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾನಿಲಯದವರು ಒಂದು ಪ್ರಯೋಗ ನಡೆಸಿದರು. ಕೆಡವಬೇಕಾಗಿದ್ದ ಬಹುಮಹಡಿ ಕಟ್ಟಡದ ಒಂದು ಮನೆಯಲ್ಲಿ ಸೋಫಾ, ಪುಸ್ತಕ, ಮೇಜು ಎಲ್ಲವನ್ನೂ ಜೋಡಿಸಿ ಬೆಂಕಿ ಹಚ್ಚಿದರು. ಅದಕ್ಕೂ ಮುನ್ನ ಆ ಕೋಣೆಯ ಪೂರ್ಣ ವಿವರವನ್ನು ಹಲವು ತಂಡಗಳಿಗೆ ಕೊಟ್ಟು, ಏನಾಗುತ್ತದೆಂದು ಮುಂಚಿತವಾಗಿ ಹೇಳಿರೆಂದು ಕೇಳಲಾಯಿತು. 10 ಉತ್ತರಗಳು ಬಂದವು. ಅವುಗಳಲ್ಲಿ 8 ಎಫ್‌ಡಿಎಸ್ ಬಳಸಿ ಮಾಡಿದವು.

ಕೋಣೆ ಒಂದೇ, ವಿವರ ಒಂದೇ, ಬಹುಪಾಲು ತಂತ್ರಾಂಶವೂ ಒಂದೇ. ಆದರೂ ಉತ್ತರಗಳು ಒಂದಕ್ಕೊಂದು ತೀರ ದೂರ. ನಿಜವಾದ ಬೆಂಕಿಗೂ ದೂರ. ಕಾರಣ ಸಂರಕ್ಷಣಾ ನಿಯಮಗಳ ತಪ್ಪಲ್ಲ. ಬೆಂಕಿ ಹೇಗೆ ಬೆಳೆಯುತ್ತದೆ ಎಂಬುದನ್ನು ಪ್ರತಿ ತಂಡವೂ ತನ್ನದೇ ರೀತಿಯಲ್ಲಿ ಊಹಿಸಿತ್ತು. ಬೆಂಕಿಯ ಉಷ್ಣ ಎಷ್ಟು ಎಂಬುದು ಗೊತ್ತಿದ್ದರೆ ಹೊಗೆ ಎಲ್ಲಿ ಹೋಗುತ್ತದೆ ಎಂಬುದನ್ನು ಈ ತಂತ್ರಾಂಶಗಳು ಚೆನ್ನಾಗಿಯೇ ಹೇಳುತ್ತವೆ. ಬೆಂಕಿಯೇ ಎಷ್ಟಾಗುತ್ತದೆ ಎಂದು ಹೇಳುವುದು ಅವಕ್ಕೆ ಬಲು ಕಷ್ಟ.

ಇದನ್ನು ಸುಲಭದ ಲೆಕ್ಕದಲ್ಲಿ ನೋಡಬಹುದು. ವಾಡಿಕೆಯಲ್ಲಿ ಬೆಂಕಿ ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ಇಟ್ಟುಕೊಳ್ಳುತ್ತಾರೆ. ಕಾಲ ಇಮ್ಮಡಿಯಾದರೆ ಬೆಂಕಿ ನಾಲ್ಮಡಿ. ‘ಮಧ್ಯಮ’ ಬೆಂಕಿ ಸುಮಾರು 1 ಮೆಗಾವ್ಯಾಟ್ ಮುಟ್ಟಲು 300 ಸೆಕೆಂಡು ತೆಗೆದುಕೊಂಡರೆ ‘ವೇಗದ’ ಬೆಂಕಿ 150 ಸೆಕೆಂಡಿನಲ್ಲೇ ಮುಟ್ಟುತ್ತದೆ. ಎಂಜಿನಿಯರು ‘ವೇಗದ’ ಎಂಬುದರ ಬದಲು ‘ಮಧ್ಯಮ’ ಎಂದು ಆರಿಸಿದ ಕೂಡಲೇ ಕಟ್ಟಡದಲ್ಲಿ ಒಂದು ಇಟ್ಟಿಗೆಯೂ ಅಲುಗದೆ ಎರಡೂವರೆ ನಿಮಿಷ ಹೆಚ್ಚಾಗಿ ಸಿಕ್ಕಿಬಿಡುತ್ತದೆ!

ಆಯ್ಕೆ ಮಾಡಿದಾಗ ಇಲ್ಲದಿದ್ದ ವಸ್ತು ಆಮೇಲೆ ಒಳಗೆ ಬರುವುದೂ ಉಂಟು. 2024ರ ನವೆಂಬರ್‌ನಲ್ಲಿ, ಯಶವಂತಪುರಕ್ಕೆ ದೂರವಲ್ಲದ ಡಾ. ರಾಜ್‌ಕುಮಾರ್ ರಸ್ತೆಯ ವಿದ್ಯುತ್ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು ಅಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬರು ಹೊರಬರಲಾರದೆ ಮೃತಪಟ್ಟರು. ಇಂದು ಎಷ್ಟೋ ವಸತಿ ಕಟ್ಟಡಗಳ ತಳಮಹಡಿಯಲ್ಲಿ, ಮೆಟ್ಟಿಲಿನ ಪಕ್ಕದಲ್ಲೇ, ವಿದ್ಯುತ್ ಸ್ಕೂಟರುಗಳು ಚಾರ್ಜ್ ಆಗುತ್ತಿರುತ್ತವೆ. 15 ವರ್ಷ ಹಿಂದೆ ಆ ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಟ್ಟವರು ಅವನ್ನು ಎಣಿಸಿರಲು ಸಾಧ್ಯವಿಲ್ಲ.

ನಕ್ಷೆಯ ಕಟ್ಟಡ, ನಿಜದ ಕಟ್ಟಡ

ಈಗ ಕಾರ್ಲ್‌ಟನ್ ಟವರ್ಸ್‌ಗೆ ಮರಳೋಣ. ಆ ಕಟ್ಟಡದ ಅತ್ಯುತ್ತಮ ಗಣಕ ಮಾದರಿ ಇದ್ದಿತೆಂದೇ ಭಾವಿಸಿ. ಅದು 9 ಜೀವಗಳನ್ನು ಉಳಿಸುತ್ತಿತ್ತೇ?

ಡಕ್ಟ್‌ನ ವಿಷಯ ನೋಡಿ. ತಂತಿಗಳು ಒಂದು ಮಹಡಿಯಿಂದ ಇನ್ನೊಂದಕ್ಕೆ ತೂರುವ ಕಡೆ ಉಳಿಯುವ ಸಂದನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಬೇಕು. ಮುಚ್ಚದಿದ್ದರೆ ಡಕ್ಟ್ ಎಂಬುದು ಅಡುಗೆಮನೆಯ ಚಿಮಣಿಯಂತೆ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೆ. ಮಾದರಿಯಲ್ಲಿ ಡಕ್ಟ್ ಎಂಬುದು ಹೆಚ್ಚಾಗಿ ಬರಿಯ ಟೊಳ್ಳು. ಪ್ರತಿ ಮಹಡಿಯ ಸಂದು ಮುಚ್ಚಿದೆಯೇ, ಕಳೆದ ವಾರ ಹೊಸ ತಂತಿ ಎಳೆದವರು ಅದನ್ನು ಕಿತ್ತುಹಾಕಿ ಹಾಗೆಯೇ ಬಿಟ್ಟರೇ ಎಂಬುದು ಅದರಲ್ಲಿ ಇರುವುದಿಲ್ಲ. ಇದ್ದರೂ 10 ಸೆಂಟಿಮೀಟರ್ ಪೆಟ್ಟಿಗೆಗೆ 1 ಸೆಂಟಿಮೀಟರ್ ಸಂದು ಕಾಣುವುದಿಲ್ಲ. ‘ಇಲ್ಲಿ ಇಷ್ಟು ಸೋರಿಕೆ ಇದೆ’ ಎಂದು ನಾವೇ ಹೇಳಿಕೊಡಬೇಕು. ಹೇಳಿಕೊಡಲು ಯಾರಾದರೂ ಟಾರ್ಚ್ ಹಿಡಿದು ಡಕ್ಟ್‌ನ ಬಾಗಿಲು ತೆರೆದು ನೋಡಿರಬೇಕು.

ಇನ್ನು ಹೊರದಾರಿ. ಅಂದು ತುರ್ತು ನಿರ್ಗಮನದ ದಾರಿಗಳು ಮುಚ್ಚಿದ್ದವೆಂದು ಪತ್ರಿಕೆಗಳು ವರದಿ ಮಾಡಿದವು. ಮಾದರಿಯ ಗುರುತುಪತ್ರದಲ್ಲಿ ಬಾಗಿಲಿನ ಅಗಲ ಇದೆ, ಬೀಗ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ವಸತಿ ಸಮುಚ್ಚಯವೊಂದರಲ್ಲಿ ಬೆಂಕಿ ಬಿದ್ದಾಗ ಬಾಲ್ಕನಿಯ ಕಬ್ಬಿಣದ ಸರಳುಗಳೇ ಅಡ್ಡಿಯಾಗಿ ಇಬ್ಬರು ಮಹಿಳೆಯರು ಪಾರಾಗಲಿಲ್ಲ. ಕಳ್ಳರ ಭಯಕ್ಕೆ ಆಮೇಲೆ ಹಾಕಿಸುವ ಇಂಥ ಸರಳುಗಳು ಯಾವ ಮಾದರಿಗೂ ಸೇರಿರುವುದಿಲ್ಲ. ಆರ್.ಟಿ. ನಗರದಲ್ಲೋ ಯಲಹಂಕ ಉಪನಗರದಲ್ಲೋ ಸಂಜೆ ಒಂದು ಸುತ್ತು ನಡೆದು, ಸರಳಿಲ್ಲದ ಬಾಲ್ಕನಿಗಳು ಎಷ್ಟಿವೆ ಎಂದು ಎಣಿಸಿ ನೋಡಿ.

ಹಾಗಾದರೆ ಮಾದರಿ ನಿರುಪಯೋಗಿಯೇ? ಖಂಡಿತ ಅಲ್ಲ. ಕಾರ್ಲ್‌ಟನ್‌ನಂಥ ಕಟ್ಟಡದಲ್ಲಿ ‘ಡಕ್ಟ್‌ನ ಸಂದು ಮುಚ್ಚಿದರೆ ಏನು, ಮುಚ್ಚದಿದ್ದರೆ ಏನು?’, ‘ಎರಡನೆಯ ಬಾಗಿಲಿಗೆ ಬೀಗ ಹಾಕಿದರೆ ಏನು?’ ಎಂದು ಕೇಳಿದರೆ ಅದು ಬೆಲೆಬಾಳುವ ಉತ್ತರ ಕೊಡುತ್ತದೆ. ಎರಡು ಸ್ಥಿತಿಗಳನ್ನು ಹೋಲಿಸುವುದರಲ್ಲಿ ಅದು ನಿಪುಣ. ‘ಈ ಕಟ್ಟಡ ಸುರಕ್ಷಿತ’ ಎಂದು ಪ್ರಮಾಣಪತ್ರ ಕೊಡುವುದರಲ್ಲಿ ಅಲ್ಲ. ನನ್ನ ಮುಖ್ಯ ಆಕ್ಷೇಪ ಇದೇ. ಹೋಲಿಸಲು ಹುಟ್ಟಿದ ಸಾಧನವನ್ನು ಪ್ರಮಾಣಪತ್ರ ಮುದ್ರಿಸಲು ಬಳಸುವುದು ಸರಿಯಲ್ಲ. ಸ್ಮೋಕ್‌ವ್ಯೂ ತೋರಿಸುವ ಬಣ್ಣದ ಹೊಗೆ ಎಷ್ಟು ನಿಜವೆನಿಸುತ್ತದೆಂದರೆ ನೋಡುವವರು ಪ್ರಶ್ನೆ ಕೇಳುವುದನ್ನೇ ಮರೆಯುತ್ತಾರೆ. ಎಫ್‌ಡಿಎಸ್ ತಯಾರಕರೇ ತಮ್ಮ ಕೈಪಿಡಿಯಲ್ಲಿ ದ್ರವಚಲನೆ, ಉಷ್ಣವಿಜ್ಞಾನ, ದಹನ ಬಲ್ಲವರು ಮಾತ್ರ ಇದನ್ನು ಬಳಸಬೇಕೆಂದು ಎಚ್ಚರಿಸಿದ್ದಾರೆ.

ಮನುಷ್ಯ ಚುಕ್ಕೆಯಲ್ಲ

ಎರಡನೆಯ ಗಡಿಯಾರದ ಕಷ್ಟ ಇನ್ನೂ ಹೆಚ್ಚು. ಹೆಲ್ಬಿಂಗ್, ಫರ್ಕಸ್ ಮತ್ತು ವಿಚೆಕ್ ಎಂಬ ವಿಜ್ಞಾನಿಗಳು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಪ್ರತಿಯೊಬ್ಬ ಮನುಷ್ಯನೂ ತಳ್ಳುವ, ಉಜ್ಜುವ ಬಲಗಳಿಗೆ ಒಳಗಾದ ಒಂದು ಕಣ. ಎಲ್ಲರೂ ಬೇಗ ಹೊರಬೀಳಲು ನುಗ್ಗಿದರೆ ಬಾಗಿಲಲ್ಲಿ ಸಿಕ್ಕಿಕೊಂಡು ಒಟ್ಟಾರೆ ತಡವಾಗುತ್ತದೆ ಎಂದು ಅವರು ತೋರಿಸಿದರು. ಸಿಟಿ ಬಸ್ಸು ಹತ್ತುವ ನಮಗೆ ಇದು ಹೊಸ ವಿಷಯವೇನಲ್ಲ! ಆದರೂ ಅದನ್ನು ಸಮೀಕರಣದಿಂದ ಪಡೆದದ್ದು ದೊಡ್ಡ ಸಾಧನೆ.

ಆದರೆ ಕಣಕ್ಕೆ ಮಗು ಇಲ್ಲ. 1973ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸಮ್ಮರ್‌ಲ್ಯಾಂಡ್ ವಿಹಾರ ಕೇಂದ್ರದಲ್ಲಿ 50 ಜನ ಬೆಂಕಿಗೆ ಬಲಿಯಾದರು. ಆ ದುರಂತವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜೊನಾಥನ್ ಸೈಮ್ ಕಂಡದ್ದೇನೆಂದರೆ, ಜನ ಹತ್ತಿರದ ಬಾಗಿಲಿಗೆ ಓಡುವುದಿಲ್ಲ. ತಮ್ಮವರ ಕಡೆಗೆ, ತಮಗೆ ಪರಿಚಿತವಾದ ದಾರಿಯ ಕಡೆಗೆ ಹೋಗುತ್ತಾರೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ 100 ಜನ ಸತ್ತಾಗಲೂ ಬೇರೆ ಬಾಗಿಲುಗಳಿದ್ದವು. ಹೆಚ್ಚಿನವರು ತಾವು ಒಳಬಂದ ಮುಂಬಾಗಿಲಿಗೇ ನುಗ್ಗಿದರು. ಅಲ್ಲಿನ ವೇದಿಕೆಯ ಭಾಗವನ್ನು ಪ್ರಯೋಗಾಲಯದಲ್ಲಿ ಕಟ್ಟಿ ಸುಟ್ಟಾಗ ಸುಮಾರು 90 ಸೆಕೆಂಡಿನಲ್ಲೇ ಗಾಳಿ ಬದುಕಲಾಗದಂತಾಯಿತು. ತಪ್ಪು ಬಾಗಿಲಿಗೆ ಹೋಗಿ ಮರಳಲು ಅಷ್ಟು ಸಮಯ ಸಾಲದು.

ನಮ್ಮ ಊರಿನ ದುರಂತವನ್ನೂ ನೆನೆಯಬೇಕು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಮಕ್ಕಳಿರುವ ಕಡೆ ನಡಿಗೆಯ ವೇಗ ಬೇರೆ, ದಿಗಿಲು ಬೇರೆ, ಮಾತು ಕೇಳುವ ಬಗೆ ಬೇರೆ. ಗಂಟೆ ಬಾರಿಸಿದ ಮೇಲೆ ‘ಇದು ನಿಜವೇ?’ ಎಂದು ಎಲ್ಲರೂ ಕಾಯುವ ಹೊತ್ತು ಹಲವು ಸಲ ನಡೆಯುವ ಹೊತ್ತಿಗಿಂತ ದೀರ್ಘವಾಗಿರುತ್ತದೆ. ಅದನ್ನು ಕಡಿಮೆ ಮಾಡುವುದು ತಂತ್ರಾಂಶದಿಂದ ಆಗದು. ಅಭ್ಯಾಸದಿಂದ ಮಾತ್ರ ಆದೀತು.

ನಿಮ್ಮ ಶಾಲೆಯ ಮಾದರಿ

ಕೊನೆಯದಾಗಿ ಅಧ್ಯಾಪಕರಿಗೊಂದು ಕೆಲಸ. 2004ರಲ್ಲಿ ತಮಿಳುನಾಡಿನ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡರು. ಅದರ ಬೆನ್ನಿಗೆ ಬಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2009ರ ಏಪ್ರಿಲ್‌ನಲ್ಲಿ ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಮಕ್ಕಳ ಹಕ್ಕು ಎಂದು ಹೇಳಿತು. ಆ ಹಕ್ಕಿನ ಲೆಕ್ಕವನ್ನು ಹಾಳೆ, ಪೆನ್ಸಿಲ್, ಅಳತೆ ಪಟ್ಟಿಯಿಂದಲೇ ಮಾಡಬಹುದು.

ಒಂದು ಶಾಲೆಯನ್ನು ಊಹಿಸಿಕೊಳ್ಳಿ. ನೆಲಮಹಡಿಯ ಮೇಲೆ ಎರಡು ಮಹಡಿ. ಪ್ರತಿ ಮಹಡಿಯಲ್ಲಿ 50 ಮಕ್ಕಳ 5 ತರಗತಿ. ಮೇಲಿನಿಂದ ಇಳಿಯಬೇಕಾದವರು 500 ಮಕ್ಕಳು. ಮೆಟ್ಟಿಲಿನ ಅಗಲ 1.5 ಮೀಟರ್. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಸೂಚಿಸಿದ ಪ್ರಮಾಣ ತಲಾ 10 ಮಿಲಿಮೀಟರ್. ಒಂದು ಮಹಡಿಯ 250 ಮಕ್ಕಳಿಗೇ 2.5 ಮೀಟರ್ ಬೇಕು. ಒಂದು ಮೆಟ್ಟಿಲು ಸಾಲದು ಎಂದಾಯಿತು.

ಈಗ ಕಾಲದ ಲೆಕ್ಕ. ಜನ ಗೋಡೆಗೆ ಒತ್ತಿ ನಡೆಯುವುದಿಲ್ಲ. ಎರಡೂ ಬದಿಯಲ್ಲಿ 15 ಸೆಂಟಿಮೀಟರ್ ಬಿಡುತ್ತಾರೆ. ಉಳಿಯುವ ಅಗಲ 1.2 ಮೀಟರ್. 1 ಮೀಟರ್ ಅಗಲದಲ್ಲಿ ಸೆಕೆಂಡಿಗೆ ಸುಮಾರು ಒಬ್ಬರು ಇಳಿಯುತ್ತಾರೆಂದು ಇಟ್ಟುಕೊಂಡರೆ,

• ಒಂದೇ ಮೆಟ್ಟಿಲು ತೆರೆದಿದ್ದರೆ: 500 ÷ 1.2 = ಸುಮಾರು 417 ಸೆಕೆಂಡು, ಅಂದರೆ 7 ನಿಮಿಷ.
• ಅದೇ ಮೆಟ್ಟಿಲಿನ ತಿರುವಿನಲ್ಲಿ 50 ಸೆಂಟಿಮೀಟರ್ ಜಾಗ ತಿನ್ನುವ ಹಳೆಯ ಬೀರು ಇದ್ದರೆ: 500 ÷ 0.7 = ಸುಮಾರು 714 ಸೆಕೆಂಡು, ಅಂದರೆ 12 ನಿಮಿಷ.
• ಬೀಗ ಹಾಕಿದ್ದ ಎರಡನೆಯ ಮೆಟ್ಟಿಲನ್ನು ತೆರೆದು, ಬೀರು ಸರಿಸಿದರೆ: 500 ÷ 2.4 = ಸುಮಾರು 208 ಸೆಕೆಂಡು, ಅಂದರೆ ಮೂರೂವರೆ ನಿಮಿಷ.

‘ವೇಗದ’ ಬೆಂಕಿ ಎರಡೂವರೆ ನಿಮಿಷದಲ್ಲಿ 1 ಮೆಗಾವ್ಯಾಟ್, 5 ನಿಮಿಷದಲ್ಲಿ 4 ಮೆಗಾವ್ಯಾಟ್ ದಾಟುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. 12 ನಿಮಿಷಕ್ಕೂ ಮೂರೂವರೆ ನಿಮಿಷಕ್ಕೂ ನಡುವೆ ಇದ್ದದ್ದು ಒಂದು ಬೀರು ಮತ್ತು ಒಂದು ಬೀಗ. ಈ ಎರಡೂ ಯಾವ ನಕ್ಷೆಯಲ್ಲೂ ಇಲ್ಲ.

ನಿಮ್ಮ ವಿದ್ಯಾರ್ಥಿಗಳನ್ನು ತಂಡಗಳಾಗಿ ಮಾಡಿ. ಒಂದು ತಂಡ ಮೆಟ್ಟಿಲು, ಬಾಗಿಲುಗಳ ಅಗಲ ಅಳೆಯಲಿ. ಮೂಲ ನಕ್ಷೆಯಲ್ಲ, ಇಂದಿನ ಅಗಲ. ಇನ್ನೊಂದು ತಂಡ ಬೀಗಗಳನ್ನೂ ಅವುಗಳ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಪಟ್ಟಿ ಮಾಡಲಿ. ಮೂರನೆಯ ತಂಡ ತಂತಿ, ಪೈಪು ಮೇಲೇರುವ ಸಂದುಗಳನ್ನು ಗುರುತಿಸಲಿ. ಡಕ್ಟ್‌ನೊಳಗೆ ಕೈಹಾಕದಂತೆ ಹಿರಿಯರು ಜೊತೆಗಿರಲಿ. ಲೆಕ್ಕ ಹಾಕಿ, ಗಂಟೆ ಬಾರಿಸಿ, ನಿಲ್ಲುಗಡಿಯಾರ ಹಿಡಿದು ಎಲ್ಲರನ್ನೂ ಇಳಿಸಿ, ಲೆಕ್ಕಕ್ಕೂ ನಿಜಕ್ಕೂ ಇರುವ ಅಂತರ ಬರೆದಿಡಿ. ಬಳಿಕ ಆಸಕ್ತರು ಅದೇ ಅಳತೆಗಳಿಂದ ಎಫ್‌ಡಿಎಸ್‌ನಲ್ಲಿ ಒಂದು ಮಹಡಿಯನ್ನು ಕಟ್ಟಿ ನೋಡಲಿ. ಕಿಂಗ್ಸ್ ಕ್ರಾಸ್‌ನಲ್ಲಿ ಗಣಕ ಮತ್ತು ಪ್ರಯೋಗ ಎರಡೂ ಕೈಜೋಡಿಸಿದಾಗ ಸತ್ಯ ಹೊರಬಿತ್ತು. ನಿಮ್ಮ ಶಾಲೆಯ ಮೆಟ್ಟಿಲಿಗೂ ಆ ಮಾತು ಸಲ್ಲುತ್ತದೆ.

ಕಾರ್ಲ್‌ಟನ್‌ನಲ್ಲಿ ತಮ್ಮವರನ್ನು ಕಳೆದುಕೊಂಡವರು ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಘಟನೆ ಕಟ್ಟಿ ಅಗ್ನಿಸುರಕ್ಷತೆಯ ಅರಿವು ಮೂಡಿಸಲು ಮುಂದಾದರು. ಅವರ ದುಃಖದಿಂದ ನಾವು ಕಲಿಯಬೇಕಾದ ಪಾಠಕ್ಕೆ ದುಬಾರಿ ಗಣಕ ಬೇಕಿಲ್ಲ. ಮುಂದಿನ ಸಲ ಯಾರಾದರೂ ತೆರೆಯ ಮೇಲೆ ಬಣ್ಣದ ಹೊಗೆ ತೋರಿಸಿ ‘ಎಲ್ಲರೂ ಪಾರಾದರು’ ಎಂದರೆ, ನೀವು ಒಂದೇ ಪ್ರಶ್ನೆ ಕೇಳಿ: ‘ಈ ಬಾಗಿಲನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?’